ನೆಲಕ್ಕೆ ಕಬ್ಬಿಣ ಮುಟ್ಟದ ತೋಟ

ಎಲ್ಲ ನೋಡಿಕೊಂಡೇ ನಾನು ಗುದ್ದಲಿ ಹಾಕಿದ್ದೆ. ಅಂದು ಅಮಾವಾಸ್ಯೆ ಇರಲಿಲ್ಲ, ಮಂಗಳವಾರ ಇರಲಿಲ್ಲ. ಮಾಘ ಮಾಸದ ಒಳ್ಳೆಯ ಬೆಳಗು. ಮೂಡಣಕ್ಕೆ ಮುಖ ಮಾಡಿ ನಿಂತು, ಮೊದಲು ಎದ್ದ ಹೆಂಟೆಯನ್ನು ಹಣೆಗೆ ಮುಟ್ಟಿಸಿ ಬದಿಗಿಟ್ಟು, ಆಮೇಲೆಯೇ ಎರಡನೆಯ ಪೆಟ್ಟು ಹಾಕಿದ್ದು. ಮನೆಯೊಳಗೆ ಒಂದು ಮಾತು ಕೇಳುವುದು ಮಾತ್ರ ಉಳಿದಿತ್ತು. ಅದನ್ನು ಕೇಳಬೇಕೆಂದು ನನಗೆ ಹೊಳೆಯುವುದಾದರೂ ಹೇಗೆ?

ಆಗ ನಾವು ಮುಂಬಯಿಯ ಮುಲುಂಡದಲ್ಲಿ ಒಂದು ಬೈಠಾ ಚಾಳಿನಲ್ಲಿದ್ದೆವು. ಮೇಲೆ ಅಂತಸ್ತಿಲ್ಲದ, ಹೆಂಚು ಹೊದಿಸಿದ ಸಾಲು ಮನೆ. ನಮ್ಮದು ಕೊನೆಯ ಖೋಲಿ. ಅದರ ಹಿಂದೆ ನಾಲ್ಕು ಮಾರು ಖಾಲಿ ಜಾಗ ಇತ್ತು. ಅದು ನಮ್ಮದೇ ಎಂದು ಯಾರೂ ಹೇಳಿರಲಿಲ್ಲ, ಅಲ್ಲ ಎಂದೂ ಯಾರೂ ಹೇಳಿರಲಿಲ್ಲ. ನಮ್ಮ ವಿಜಾಪುರವೂ ಮುಂಬಯಿಯೂ ಇನ್ನೂ ಒಂದೇ ರಾಜ್ಯದಲ್ಲಿದ್ದ ಕಾಲ ಅದು. ರೇಲ್ವೆ ಗ್ಯಾಂಗಿನಲ್ಲಿ ವರ್ಷಾನುಗಟ್ಟಲೆ ಹಳಿಯ ಕೆಳಗೆ ಜಲ್ಲಿ ಬಡಿದು, ರಿಟೈರ್ ಆಗಿ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಎನ್ನುವುದು ಸುಳ್ಳು. ಕೂಡಲಿಕ್ಕೆ ಬರುತ್ತಿರಲಿಲ್ಲ. ಮನೆಯಲ್ಲಿ ನಾನು, ಹೆಂಡತಿ, ಮಗ, ಸೊಸೆ. ಮಗ ಫೋರ್ಟ್ ಕಡೆ ಒಂದು ಆಫೀಸಿನಲ್ಲಿ ಗುಮಾಸ್ತ. ಬೆಳಕು ಹರಿಯುತ್ತಲೇ ಲೋಕಲ್ ಹತ್ತಿದರೆ ದೀಪ ಹಚ್ಚಿದ ಮೇಲೆಯೇ ಬರುವವನು.

ಹೆಂಡತಿ ತನ್ನ ತಂಗಿಯ ಮಗಳ ಮದುವೆಗೆಂದು ಊರಿಗೆ ಹೋಗಿದ್ದಳು. ಅವಳಿದ್ದಾಗ ಆ ಜಾಗದಲ್ಲಿ ಹಪ್ಪಳ, ಸಂಡಿಗೆ, ಕಟ್ಟಿಗೆ, ಒಗೆದ ಬಟ್ಟೆ. ನನ್ನ ಗುದ್ದಲಿಗೆ ಎಡೆ ಎಲ್ಲಿ? ಅವಳು ಬರುವುದರೊಳಗೆ ತೋಟ ಎಬ್ಬಿಸಿ ತೋರಿಸಬೇಕೆಂಬ ಹಟ ನನಗೆ. ಗೋಡೆಗುಂಟ ಹೀರೆ ಬಳ್ಳಿಗೆಂದು ಮೊಣಕಾಲು ಮುಳುಗುವ ತಗ್ಗು ತೆಗೆದೆ. ಮೂಲೆಗೆ ಬಾಳೆಗೊಂದು ಗುಂಡಿ, ನುಗ್ಗೆಗೊಂದು ಗುಂಡಿ. ಮೇಲೆ ಗೇಣು ಮಣ್ಣು, ಕೆಳಗೆಲ್ಲ ಕೆಂಪು ಮುರುಮು. ಬಡಿದರೆ ಠಣ್ ಎನ್ನುತ್ತಿತ್ತು. ನನಗೆ ಅದೇ ಸಂತೋಷ.

ಸೊಸೆ ದಿನಕ್ಕೆ ಎರಡು ಸಲ ಹಿತ್ತಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಮಜ್ಜಿಗೆಯ ತಂಬಿಗೆ.

“ಸಾಕ್ರಿ ಮಾವಾರ, ಬಿಸಲಾಗೈತಿ.”

“ಇನ್ನೂ ಹತ್ತ ಹೊಡದಿಲ್ಲವ್ವಾ. ಎಲ್ಲಿ ಬಿಸಲ?”

“ಅತ್ತಿಯಾರು ಬಂದಮ್ಯಾಲೆ ಮಾಡ್ರೆಲ್ಲ.”

“ಅಕಿ ಬಂದಮ್ಯಾಲೆ ಮಾಡಾಕ ಬಿಡ್ತಾಳೇನು?”

ಅವಳು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ನಿಲ್ಲುವಳು. ಏನೋ ಹೇಳುವವಳಂತೆ ಬಾಯಿ ತೆರೆಯುವಳು. ಆಮೇಲೆ ತಂಬಿಗೆ ಇಸಿದುಕೊಂಡು ಒಳಗೆ ಹೋಗಿಬಿಡುವಳು. ನಾನು ಮೂರ್ಖ, ಇವಳಿಗೂ ಹಪ್ಪಳದ ಚಿಂತೆ ಎಂದುಕೊಂಡೆ.

ಐದನೆಯ ದಿನ ಹೆಂಡತಿ ಬಂದಳು. ತಲೆಯ ಮೇಲಿನ ಗಂಟು ಇಳಿಸದೆ ಹಿತ್ತಲಿಗೆ ಬಂದು ನಿಂತಳು. ತಗ್ಗು ನೋಡಿದಳು, ಗುಂಡಿ ನೋಡಿದಳು, ನನ್ನನ್ನು ನೋಡಿದಳು.

“ಯಾರು ಅಗೀರಿ ಅಂದ್ರು ನಿಮಗ?”

“ಯಾರ ಅನ್ನಬೇಕು? ಕೈ ನಂದು, ಗುದ್ದಲಿ ನಂದು.”

“ಮನ್ಯಾಗ ಬಸುರಿ ಇಟಗೊಂಡು ನೆಲಾ ಅಗೀತಾರೇನ್ರಿ!”

ನಾನು ಅಜ್ಜನಾಗಲಿರುವ ಸುದ್ದಿ ನನಗೆ ತಿಳಿದದ್ದು ಹೀಗೆ, ಬೈಗುಳದಲ್ಲಿ.

ಸೊಸೆಗೆ ಆಗ ನಾಲ್ಕು ತಿಂಗಳು. ಹಿಂದೆ ಎರಡು ಸಲ ಹೋಗಿತ್ತು, ಒಂದು ನಾಲ್ಕರಲ್ಲಿ, ಒಂದು ಆರರಲ್ಲಿ. ಅದಕ್ಕೇ ಈ ಸಲ ಐದು ತುಂಬುವ ತನಕ ಯಾರಿಗೂ ಹೇಳಬಾರದೆಂದು ತಾಯಿ, ಮಗ, ಸೊಸೆ ಮೂವರೂ ಮಾತಾಡಿಕೊಂಡಿದ್ದರು. ಆ ‘ಯಾರಿಗೂ’ ಒಳಗೆ ನಾನೂ ಬಂದಿದ್ದೆ. ನನ್ನ ಬಾಯಿಗೆ ಬಿದ್ದದ್ದು ಸಂಜೆಯೊಳಗೆ ಚಾಳಿನ ಹನ್ನೆರಡು ಖೋಲಿಗೂ ಮುಟ್ಟುತ್ತದೆ ಎಂದು ಅವರ ಅಂಜಿಕೆ. ಅದು ಸುಳ್ಳೂ ಅಲ್ಲ. ಅತ್ತೆ ಊರಲ್ಲಿ, ಗಂಡ ಆಫೀಸಿನಲ್ಲಿ. ‘ನಾನು ಬಸುರಿ, ಅಗೆಯಬೇಡಿ’ ಎಂದು ಮಾವನ ಮುಂದೆ ನಿಂತು ಯಾವ ಸೊಸೆ ಹೇಳಿಯಾಳು? ಪಾಪ, ಮಜ್ಜಿಗೆ ಕೊಟ್ಟು ಕೊಟ್ಟು ತಡೆಯಲು ನೋಡಿದ್ದಳು. ನಾನು ಕುಡಿದು ಕುಡಿದು ಅಗೆದಿದ್ದೆ.

ನಮ್ಮ ಕಡೆ ಮನೆಯಲ್ಲಿ ಬಸುರಿ ಇದ್ದರೆ ಅಡಿಪಾಯ ಹಾಕುವುದಿಲ್ಲ, ಬಾವಿ ತೋಡುವುದಿಲ್ಲ, ನೆಲಕ್ಕೆ ಕಬ್ಬಿಣ ಹಚ್ಚುವುದಿಲ್ಲ. ಯಾಕೆ ಎಂದು ಯಾರೂ ಕೇಳಿದ್ದಿಲ್ಲ.

ಮರುದಿನವೇ ಸೊಸೆಗೆ ರಕ್ತ ಕಾಣಿಸಿತು.

ಲೇಡಿ ಡಾಕ್ಟರನ್ನು ಮಗ ಟಾಂಗಾದಲ್ಲಿ ಕರೆತಂದ. ಬಾಗಿಲು ಮುಚ್ಚಿದರು. ನಾನು ಹೊರಗೆ ಕಟ್ಟೆಯ ಮೇಲೆ ಕೂತು ನನ್ನ ಎರಡೂ ಅಂಗೈ ನೋಡುತ್ತಿದ್ದೆ. ಐದು ದಿನದ ಬೊಕ್ಕೆ ಇನ್ನೂ ಆರಿರಲಿಲ್ಲ. ಆಕೆ ಹೊರಗೆ ಬಂದು ಮರಾಠಿಯಲ್ಲಿ ಹೇಳಿದಳು: ಉಳಿದಿದೆ, ಆದರೆ ಹೆರಿಗೆಯವರೆಗೆ ಹಾಸಿಗೆ ಬಿಡಬಾರದು, ಪ್ರಯಾಣವಂತೂ ಕೂಡದು. ತವರಿಗೆ ಕಳಿಸುವ ಮಾತು ಅಲ್ಲಿಗೇ ಮುಗಿಯಿತು. ನಾನು ತಡೆಯಲಾರದೆ ಕೇಳಿದೆ, ನೆಲ ಅಗೆದದ್ದಕ್ಕೆ ಹೀಗಾಯಿತೇ ಎಂದು. ಆಕೆ ನಕ್ಕಳು. “ಬಾಬಾ, ನಿಮ್ಮ ಗುದ್ದಲಿಗೂ ಇದಕ್ಕೂ ಏನೂ ಸಂಬಂಧ ಇಲ್ಲ” ಎಂದಳು. ನಂಬಬೇಕೆಂದು ಬಹಳ ಆಸೆಯಾಯಿತು. ಅರ್ಧ ತಾಸು ನಂಬಿಯೂ ನಂಬಿದೆ. ಆಮೇಲೆ ಹಿತ್ತಲಿಗೆ ಹೋದೆ. ಆ ಕೆಂಪು ತಗ್ಗು ಬಾಯಿ ತೆರೆದುಕೊಂಡು ಬಿದ್ದಿತ್ತು.

ಮುಚ್ಚಿಬಿಡುತ್ತೇನೆ ಎಂದೆ. ಹೆಂಡತಿ ಕೈ ಹಿಡಿದಳು.

“ಮಣ್ಣ ಮುಚ್ಚತೀರಿ? ಈಗ? ಮಣ್ಣ ಮುಚ್ಚೂದು ಯಾವಾಗ ಅನ್ನೂದು ಗೊತ್ತೈತಿಲ್ಲೋ ನಿಮಗ?”

ಸಲಿಕೆ ಕೆಳಗಿಟ್ಟೆ. ಅಗೆಯುವಂತಿಲ್ಲ, ಮುಚ್ಚುವಂತಿಲ್ಲ. ಗುದ್ದಲಿಯನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ಅದರ ಹಿಂದೆ ಸಲಿಕೆ, ಅದರ ಹಿಂದೆ ಕಳೆ ತೆಗೆಯುವ ಕುರ್ಚಿಗೆ, ಕಡೆಗೆ ನನ್ನ ಹಳೆಯ ಕುಡುಗೋಲನ್ನೂ ಬಿಡಲಿಲ್ಲ.

ಸೊಸೆಯ ಹಾಸಿಗೆ ಹಿಂದಿನ ಕಿಟಕಿಗೆ ಹಚ್ಚಿ ಹಾಕಿದ್ದರು, ಗಾಳಿ ಬರಲೆಂದು. ಮೂರನೆಯ ದಿನ ಅವಳು ಅತ್ತೆಯ ಕಡೆಯಿಂದ ನನಗೆ ಹೇಳಿ ಕಳಿಸಿದಳು: “ಕಣ್ಣ ತೆಗೆದ್ರ ಆ ತಗ್ಗs ಕಾಣತೈತಿ. ಅಂಜಿಕಿ ಬರತೈತಿ. ಅಲ್ಲಿ ಏನರ ಹಸರು ಇಡಾಕ ಆಗತೈತೇನು ಕೇಳ್ರಿ.”

ಇನ್ನು ಐದು ತಿಂಗಳು ಅವಳು ನೋಡಬೇಕಾದದ್ದು ಆ ಒಂದು ಕಿಟಕಿಯ ಹೊರಗನ್ನು. ಅಲ್ಲಿ ನಾನು ತೋಡಿಟ್ಟದ್ದು ಅದನ್ನು! ಅಂದೇ ನಿಶ್ಚಯ ಮಾಡಿದೆ. ತೋಟ ಆಗಬೇಕು, ಹೇಗಾದರೂ ಆಗಬೇಕು, ಅಗೆಯದೆ ಆಗಬೇಕು.

ದಾರಿ ತೋರಿಸಿದವಳು ಪಕ್ಕದ ಖೋಲಿಯ ಉಡುಪಿಯ ಹೆಂಗಸು. ಅವಳ ಗಂಡ ಸ್ಟೇಷನ್ ಬಳಿ ಹೋಟೆಲು ನಡೆಸುತ್ತಿದ್ದ. ಗೋಡೆಯ ಮೇಲಿಂದ ಇಣುಕಿ ಹೇಳಿದಳು:

“ನೀವು ಎಂತಕ್ಕೆ ಇಷ್ಟು ಮಂಡೆಬಿಸಿ ಮಾಡುದು ಮಾರಾಯ್ರೆ? ನೆಲ ಬೇಡದಿದ್ರೆ ಬೇಡ. ಹೋಟೆಲಲ್ಲಿ ಎಣ್ಣೆ ಡಬ್ಬಿ ರಾಶಿ ಬಿದ್ದುಂಟು. ಅದ್ರಲ್ಲಿ ನೆಡಿ.”

“ಡಬ್ಯಾಗ ತ್ವಾಟ ಆಗತೈತೇನ ಬಾಯಿ?”

“ನಾನು ಬಸಳೆ ಮಾಡಿದ್ದು ಎಲ್ಲಿ ಮತ್ತೆ? ನಿಮ್ಮ ಹೆಂಡತಿ ಪ್ರತಿ ವಾರ ತಿಂತಾರಲ್ಲ, ಅದು ಡಬ್ಬಿದೇ.”

ಹನ್ನೆರಡು ಡಬ್ಬಿ ಬಂದವು, ಆಮೇಲೆ ಇನ್ನೂ ಹತ್ತು. ತಗ್ಗಿನ ಮೇಲೆ ಹಳೆಯ ಬಾಗಿಲ ಹಲಗೆಗಳನ್ನು ಅಡ್ಡ ಹಾಸಿ, ಅದರ ಮೇಲೆ ಸಾಲಾಗಿ ಇಟ್ಟೆ. ಈಗ ಮಣ್ಣು ಎಲ್ಲಿಂದ? ನಾನು ತೋಡಿದ ಮಣ್ಣನ್ನು ಮುಟ್ಟಲು ಹೆಂಡತಿ ಬಿಡಲಿಲ್ಲ. ಬೇರೆಯವರ ನೆಲದಲ್ಲಿ ನಾನು ಅಗೆಯಬಹುದೇ ಎಂದು ಕೇಳಿದೆ. “ಕೈ ನಿಮ್ಮದs ಅಲ್ಲೇನು?” ಎಂದಳು. ಕೈಯಿಂದ ಕೆರೆಯಬಹುದೇ ಎಂದೆ. “ನೀವೇನು ಕೋಳಿ ಏನು?” ಎಂದಳು. ಬೇರೆಯವರು ಅಗೆದು ಒಗೆದ ಮಣ್ಣನ್ನು ಎತ್ತಿಕೊಂಡು ಬಂದರೆ? ಅದಕ್ಕೆ “ಎತಗೊಂಡು ಬರ್ರಿ. ಆದ್ರ ಬುಟ್ಟಿ ಬಿದರಿಂದು ಇರ್ಲಿ” ಎಂದಳು.

ದೇಶ ಒಡೆದಾಗ ಬಂದ ಸಿಂಧಿ ಮಂದಿ ಆಗ ಸ್ಟೇಷನ್ನಿನ ಆಚೆ ಮನೆ ಕಟ್ಟಿಸುತ್ತಿದ್ದರು. ಎಲ್ಲಿ ನೋಡಿದರೂ ಪಾಯ, ಎಲ್ಲಿ ನೋಡಿದರೂ ಮಣ್ಣಿನ ಗುಡ್ಡೆ. ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ನಡೆದೆ. ಯಾರ ಪಾಯದ ಮಣ್ಣಾದರೂ ಅವರ ಮನೆಯಲ್ಲಿ ಬಸುರಿ ಇಲ್ಲವಷ್ಟೇ ಎಂದು ಕೇಳಿಯೇ ಎತ್ತುತ್ತಿದ್ದೆ. ನನ್ನ ಹಿಂದಿ ಕೇಳಿ ಒಬ್ಬ ಮುದುಕ ಬಡಿಗೆ ತೆಗೆದುಕೊಂಡು ಬಂದ. ಕೈ ಸನ್ನೆಯಲ್ಲಿ ಹೊಟ್ಟೆ ತೋರಿಸಿ, ಆಕಾಶ ತೋರಿಸಿ, ಅವನಿಗೆ ತಿಳಿಸುವಷ್ಟರಲ್ಲಿ ಬೆವತುಹೋದೆ. ತಿಳಿದ ಮೇಲೆ ಅವನೇ ಬುಟ್ಟಿ ನನ್ನ ತಲೆಗೆ ಏರಿಸಿದ.

ಇಲ್ಲಿ ಇನ್ನೊಂದು ತಪ್ಪು ಮಾಡಿದೆ. ಊರಲ್ಲಿ ತಿಪ್ಪೆಯ ಗೊಬ್ಬರ ವರ್ಷ ಕಳಿತ ಮೇಲೆ ಹೊಲಕ್ಕೆ ಹೋಗುತ್ತಿತ್ತು. ಅದು ನನಗೆ ಗೊತ್ತು, ಸಣ್ಣವನಿದ್ದಾಗಿನಿಂದ ಗೊತ್ತು. ಆದರೆ ಮನಸ್ಸಿಗೆ ಅವಸರ ಹತ್ತಿತ್ತು. ತಬೇಲಾದಿಂದ ಎಮ್ಮೆಯ ಹಸಿ ಸಗಣಿ ತಂದು ಮಣ್ಣಿಗೆ ಕಲಸಿಬಿಟ್ಟೆ. ಕೊತ್ತಂಬರಿ ಬೀಜವನ್ನು ಚಪ್ಪಲಿಯಿಂದ ಉಜ್ಜಿ ಇಬ್ಭಾಗ ಮಾಡಿ ಹಾಕಿದೆ. ಮೆಂತ್ಯ, ಸಬ್ಬಸಿಗೆ, ಬದನೆ, ಮೆಣಸಿನಕಾಯಿ, ಹೀರೆ. ನಾಲ್ಕನೆಯ ದಿನ ಮೆಂತ್ಯ ಎದ್ದಿತು. ಅಬ್ಬಾ, ಎರಡೆರಡು ಎಲೆ, ಕೈ ಮುಗಿದಂತೆ! ಕಿಟಕಿಯಿಂದ ಸೊಸೆ ನೋಡಿ ಮೊದಲ ಸಲ ನಕ್ಕಳು. ಏಳನೆಯ ದಿನ ಅಷ್ಟೂ ಸೊರಗಿ ಹಳದಿಯಾಗಿ ನೆಲಕ್ಕೆ ಬಿತ್ತು. ಹಸಿ ಸಗಣಿಯ ಕಾವಿಗೆ ಬೇರು ಬೆಂದಿದ್ದವು.

ಹೆಂಡತಿ ಏನೂ ಅನ್ನಲಿಲ್ಲ. ಅದೇ ನನಗೆ ದೊಡ್ಡ ಭಯವಾಯಿತು. ಅವಳೂ ನಾನು ಎಣಿಸಿದ್ದನ್ನೇ ಎಣಿಸುತ್ತಿದ್ದಾಳೆ ಎಂದು ತಿಳಿಯಿತು. ಏನು ನೆಟ್ಟರೂ ಈ ಮನೆಯಲ್ಲಿ ನಿಲ್ಲುವುದಿಲ್ಲವೇನೋ.

ಮಣ್ಣು ಸುರುವಿ, ಒಣಗಿಸಿ, ಹೋಟೆಲಿನ ಬೂದಿ ಬೆರೆಸಿ ಮತ್ತೆ ತುಂಬಿದೆ. ಮೆಂತ್ಯ ಹಾಕಿದೆ. ಬದನೆಯ ಅಗಿ ಸಸಿಯನ್ನು ಪವಾಯಿ ಕೆರೆಯ ದಂಡೆಯಲ್ಲಿ ಕಾಯಿಪಲ್ಯ ಬೆಳೆಯುವ ಒಬ್ಬ ಮಾಳಿಯಿಂದ ತಂದೆ. ಆಮೇಲೆ ನನ್ನ ಹೊಸ ನೌಕರಿ ಶುರುವಾಯಿತು. ಸೊಸೆ ಏಳುವ ಮೊದಲು, ಕೋಳಿ ಕೂಗುವ ಹೊತ್ತಿಗೆ ಹಿತ್ತಲಿಗೆ ಹೋಗಿ ಒಂದೊಂದೇ ಡಬ್ಬಿ ನೋಡುವುದು. ಬಿದ್ದ ಸಸಿ, ಹುಳ ಕಡಿದದ್ದು, ಗುಬ್ಬಿ ಕಿತ್ತದ್ದು, ಯಾವುದಿದ್ದರೂ ಕಿತ್ತು ಪಂಚೆಯ ಮಡಿಲಿಗೆ ಹಾಕಿಕೊಂಡು, ಆ ಜಾಗಕ್ಕೆ ಬೇರೆ ಸಸಿ ಊರುವುದು. ಗೋಡೆಯ ಮರೆಯಲ್ಲಿ ಎರಡು ಡಬ್ಬಿ ತುಂಬ ಮೀಸಲು ಸಸಿ ಇಟ್ಟಿದ್ದೆ. ಅವಳು ಕಣ್ಣು ತೆರೆದಾಗ ಕಿಟಕಿಯ ಹೊರಗೆ ಒಂದೂ ಸತ್ತಿರಬಾರದು. ಮೂರನೆಯ ಡಬ್ಬಿಯ ಬದನೆಯನ್ನು ಒಂದೇ ವಾರದಲ್ಲಿ ಮೂರು ಸಲ ಬದಲಿಸಿದೆ. ಮೀಸಲು ಮುಗಿದಾಗ ಮತ್ತೆ ಪವಾಯಿಗೆ ನಡೆದೆ. ಮಾಳಿ ಕೇಳಿದ, “ಬಾಬಾ, ಎಷ್ಟು ಎಕರೆ ಹಚ್ಚುತ್ತಿದ್ದೀರಿ?” ಎಂದು.

ಹೋಳಿ ಮುಗಿದು ಯುಗಾದಿ ಬಂತು. ಬೇವು ಬೆಲ್ಲ ಕೊಡಲು ಹೆಂಡತಿ ಸೊಸೆಯ ಕೋಣೆಗೆ ಹೋದಾಗ ನಾನು ಹೊರಗೆ ಕಿಟಕಿಯ ಬಳಿ ನೀರು ಹಾಕುತ್ತಿದ್ದೆ. ಹೆಂಡತಿ ಒಲೆ ನೋಡಲು ಹೋದಳು. ಅಷ್ಟು ಹೊತ್ತಿಗೆ ಸೊಸೆಗೂ ನನಗೂ ಕಿಟಕಿಯ ಮೂಲಕ ನಾಲ್ಕು ಮಾತು ನಡೆಯತೊಡಗಿದ್ದವು. ಮಲಗಿದವರ ತಲೆಯ ಮೇಲೆ ಸೆರಗು ಎಷ್ಟು ದಿನ ನಿಂತೀತು?

“ಮಾವಾರ, ಆ ಮೂರನೇ ಡಬ್ಬಿ ಬದನಿ ನಿನ್ನೆ ಸಂಜೀಕ ಐದು ಎಲಿ ಇತ್ತು. ಇವತ್ತ ಮುಂಜಾನೆ ಏಳೈತಿ.”

“ಬೆಳದೈತಿ ತಗೋ. ಯುಗಾದಿ ಅಲ್ಲೇನು.”

“ಮದ್ಲಿಂದು ಎಡಕ್ಕ ವಾಲಿತ್ತು. ಇದು ನೆಟ್ಟಗ ಐತಿ.”

ನಾನು ತಂಬಿಗೆಯ ನೀರನ್ನೆಲ್ಲ ಅದೇ ಡಬ್ಬಿಗೆ ಸುರುವಿದೆ.

“ನನಗ ಮಲಗಿ ಮಲಗಿ ಬ್ಯಾರೆ ಕೆಲಸ ಏನೈತ್ರಿ? ಎಲಿ ಎಣಸ್ತೀನಿ. ಈ ತಿಂಗಳದಾಗ ಹನ್ನೊಂದು ಸಸಿ ಬದಲ ಮಾಡೀರಿ ನೀವು. ಮಾಡಬ್ಯಾಡ್ರಿ.”

“ನೀ ನೋಡಿ ಅಂಜಬಾರದಂತ…”

“ಎರಡ ಸಲಾನೂ ನನಗ ತೋರಸಲಿಲ್ಲ ಮಾವಾರ. ಗಂಡಿತ್ತೋ ಹೆಣ್ಣಿತ್ತೋ ಅದನ್ನೂ ಹೇಳಲಿಲ್ಲ. ‘ಏನಿಲ್ಲ ಮಲಕ್ಕೋ, ಏನಿಲ್ಲ ಮಲಕ್ಕೋ’ ಅಂದ್ರು ಎಲ್ಲಾರೂ. ನನ್ನ ಹೊಟ್ಯಾಗ ಆರ ತಿಂಗಳ ಇದ್ದದ್ದು ಏನಿಲ್ಲ ಹೆಂಗ ಆಗತೈತ್ರಿ?” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಸತ್ತಿದ್ರ ಸತ್ತೈತಿ ಅಂತ ನನಗ ಗೊತ್ತಾಗಲಿ. ಹಂಗ ಆದ್ರ ಬದುಕಿದ್ದು ಬದುಕೈತಿ ಅಂತನೂ ನಂಬಾಕ ಬರತೈತಿ.”

ಆ ಎರಡು ಸಲವೂ ‘ಏನಿಲ್ಲ’ ಅಂದವರಲ್ಲಿ ನಾನೂ ಒಬ್ಬ. ಆರನೆಯ ತಿಂಗಳದ್ದನ್ನು ಬಿಳಿ ಅರಿವೆಯಲ್ಲಿ ಸುತ್ತಿ ಒಯ್ದವನೇ ನಾನು. ಅದು ಗಂಡಾಗಿತ್ತು. ಕಿಟಕಿಯ ಸರಳು ಹಿಡಿದು ನಿಂತು ಅವಳಿಗೆ ಹೇಳಿದೆ. ತಲೆ ತುಂಬ ಕೂದಲಿತ್ತು ಎಂದೂ ಹೇಳಿದೆ. ಅವಳು ಅತ್ತಳು. ಒಳಗಿನಿಂದ ಹೆಂಡತಿ ಬಂದು ನೋಡಿದಳು. ನನ್ನನ್ನು ಬೈಯಲಿಲ್ಲ. ಹಾಸಿಗೆಯ ಮೇಲೆ ಕೂತು ಸೊಸೆಯ ತಲೆ ನೇವರಿಸಿದಳು. ಆ ದಿನವೆಲ್ಲ ನನಗೆ ಒಂದೇ ಚಿಂತೆ. ಇಂಥ ಹೊತ್ತಿನಲ್ಲಿ ಅಳಿಸಿದೆನಲ್ಲ, ಏನಾದರೂ ಆದರೆ? ಸಂಜೆ ಮಗ ಬಂದ ಮೇಲೂ, ಮರುದಿನವೂ, ಒಳಗಿನಿಂದ ಯಾರಾದರೂ ಜೋರಾಗಿ ಕರೆದರೆ ಸಾಕು, ಕಿಟಕಿಗೆ ಓಡುತ್ತಿದ್ದೆ. ಏನೂ ಆಗಲಿಲ್ಲ. ಮೂರನೆಯ ದಿನ ಅವಳು ಎರಡು ರೊಟ್ಟಿ ತಿಂದಳು.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಕಿಟಕಿಗೆ ನಿಂತು ವರದಿ ಕೊಡುತ್ತಿದ್ದೆ. ಮೊದಲು ಸತ್ತದ್ದು, ಆಮೇಲೆ ಬದುಕಿದ್ದು.

“ಇವತ್ತ ಎರಡು ಮೆಣಸಿನಕಾಯಿ ಹೋದುವು.”

“ಹೋಗ್ಲಿ ಬಿಡ್ರಿ, ಅತ್ತಿಯಾರ ಸಾರಿನ ಖಾರ ಕಡಿಮಿ ಆದೀತು.”

ಒಳಗಿಂದ ಹೆಂಡತಿ: “ಕೇಳಸ್ತೈತಿ ನನಗ!”

ಚೈತ್ರ ಕಳೆದು ವೈಶಾಖದ ಬಿಸಿಲು ಬಂತು. ತಗಡಿನ ಡಬ್ಬಿ ಮಧ್ಯಾಹ್ನ ಮುಟ್ಟಿದರೆ ಕೈ ಸುಡುವುದು. ಒಳಗಿನ ಬೇರಿನ ಪಾಡೇನು? ಗೋಣಿ ಚೀಲ ಹರಿದು ಪ್ರತಿ ಡಬ್ಬಿಗೂ ಸುತ್ತಿ, ಮೇಲಿಂದ ನೀರು ಚಿಮುಕಿಸಿದೆ. ಚಾಳಿನ ಬಾವಿ ತಳ ಕಂಡಿತು. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಎಲ್ಲರ ಮನೆಯದೂ ನನ್ನ ಬಕೆಟ್ಟಿಗೆ. ಉಡುಪಿಯ ಹೆಂಗಸು ಗೋಡೆಯ ಮೇಲಿಂದ ನೀಡುತ್ತ, “ತಕೊಳ್ಳಿ, ತೀರ್ಥ” ಅನ್ನುವಳು. ಹೀರೆಗೆ ಚಪ್ಪರ ಹಾಕಬೇಕೆಂದರೆ ಗಳು ನೆಡುವಂತಿಲ್ಲ. ಬಿದಿರನ್ನು ನೆಲದಲ್ಲಿ ಹುಗಿಯುವುದೂ ಅಗೆಯುವುದೇ ಎಂದು ಹೆಂಡತಿಯ ತೀರ್ಪು. ನಾಲ್ಕು ಡಬ್ಬಿಗೆ ಕಲ್ಲು ತುಂಬಿ ಅದರಲ್ಲಿ ಬಿದಿರು ನಿಲ್ಲಿಸಿ, ಸುತಳಿ ಕಟ್ಟಿದೆ. ಬಳ್ಳಿ ಹತ್ತಿತು. ಕಿಟಕಿಗೆ ನೆರಳಾಯಿತು. ಸಂಜೆಗೆ ಹಳದಿ ಹೂವು ಅರಳುತ್ತಿದ್ದವು. ಮೊದಲ ಹೀಚನ್ನು ಕಂಡವಳು ಸೊಸೆಯೇ.

“ಮಾವಾರ, ಬರ್ರಿ ಬರ್ರಿ! ಮ್ಯಾಲೆ, ಎಡಕ್ಕ, ಎಲಿ ಹಿಂದ. ಬೆರಳಷ್ಟೈತಿ!”

ಓಡಿಬಂದು ನೋಡಿದೆ. ಬೆರಳು ತೋರಿಸಬಾರದು, ತೋರಿಸಿದರೆ ಹೀಚು ಕೊಳೆಯುತ್ತದೆ ಎಂದು ಕೈ ಹಿಂದೆ ಕಟ್ಟಿಕೊಂಡು ನೋಡಿದೆ. ಎಲ್ಲರೂ ಹಾಗೆಯೇ ನೋಡಿದೆವು.

ಏಳನೆಯ ತಿಂಗಳಲ್ಲಿ ಕುಬಸ, ಸೀಮಂತ ಯಾವುದೂ ಮಾಡಲಿಲ್ಲ. ಹಸಿರು ಬಳೆಯವನು ತಾನಾಗಿಯೇ ಬಾಗಿಲಿಗೆ ಬಂದಿದ್ದ, ಹೆಂಡತಿ ಇನ್ನೂ ತಡವಿದೆ ಎಂದು ಕಳಿಸಿಬಿಟ್ಟಳು. ಒಂದು ಅಂಗಿ ಹೊಲಿಯಲಿಲ್ಲ, ತೊಟ್ಟಿಲ ಮಾತು ಎತ್ತಲಿಲ್ಲ. ಏಳು ತುಂಬಿತು. ಎಂಟು ನಡೆಯಿತು. ಏಳರಲ್ಲಿ ಹುಟ್ಟಿದರೆ ಉಳಿಯುತ್ತದೆ, ಎಂಟರಲ್ಲಿ ಹುಟ್ಟಿದರೆ ಉಳಿಯುವುದಿಲ್ಲ ಎಂದು ನಮ್ಮ ಹೆಂಗಸರ ನಂಬಿಕೆ. ಹೆಂಡತಿ ದಿನ ಎಣಿಸುತ್ತಿದ್ದಳು, ಇನ್ನು ಹದಿನೈದು, ಇನ್ನು ಹದಿನಾಲ್ಕು.

ಹದಿಮೂರು ಉಳಿದಾಗ ಮುಂಗಾರಿನ ಮಿರಗದ ಮಳೆ ಬಂತು, ಅದರ ಜೊತೆಗೇ ಸೊಸೆಗೆ ಬ್ಯಾನೆ ಬಂತು. ಹೋಟೆಲಿನವರು ಎಲ್ಲಿಂದಲೋ ಟ್ಯಾಕ್ಸಿ ತಂದರು. ಕುರ್ಲಾದಲ್ಲಿ ಲೇಡಿ ಡಾಕ್ಟರ್ ಹೇಳಿದ್ದ ಹೆರಿಗೆ ಆಸ್ಪತ್ರೆಗೆ ಒಯ್ದೆವು. ಸಂಜೆಯೊಳಗೆ ಹೆರಿಗೆಯಾಯಿತು. ಹೆಣ್ಣು. ನನ್ನ ಎರಡು ಅಂಗೈ ಕೂಡಿಸಿದರೆ ಆಗುವಷ್ಟು. ಅಳಲಿಲ್ಲ, ಬೆಕ್ಕಿನ ಮರಿಯಂತೆ ಒಮ್ಮೆ ಕುಂಯ್ ಅಂದಿತಂತೆ. ಬೇರೆ ಕೋಣೆಯಲ್ಲಿ ಅರಳೆಯಲ್ಲಿ ಸುತ್ತಿ, ಸುತ್ತಲೂ ಬಿಸಿನೀರಿನ ಬಾಟಲಿ ಇಟ್ಟು ಮಲಗಿಸಿದ್ದರು. ಬಾಗಿಲ ಗಾಜಿನಿಂದ ನಮಗೆ ಒಮ್ಮೆ ತೋರಿಸಿದರು. ಚೀಪುತ್ತಿಲ್ಲ, ಮೂರು ದಿನ ಏನೂ ಹೇಳಲಾಗದು ಎಂದರು ಡಾಕ್ಟರು.

ಮರುದಿನ ನಾಲ್ಕು ಗಂಟೆಗೆ ಗಂಡಸರನ್ನು ವಾರ್ಡಿಗೆ ಬಿಟ್ಟರು. ಬಾಗಿಲ ಹೊರಗೆ ಮಗ ಹೇಳಿದ, “ಅಪ್ಪಾ, ಅಕಿಗೆ ಏನೂ ಹೇಳಬ್ಯಾಡ. ಕೂಸು ಮಲಗೈತಿ ಅನ್ನೂಣು.” ಹೆಂಡತಿಯೂ ಅದನ್ನೇ ಅಂದಳು, ಕಣ್ಣೆಲ್ಲ ಕೆಂಪಾಗಿತ್ತು. ನಾನು ಹೂಂ ಎಂದೆ. ಖರೆ, ಹೂಂ ಎಂದೇ ಒಳಗೆ ಹೋದದ್ದು.

ಸೊಸೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನನ್ನ ಕೆಮ್ಮು ಕೇಳಿ ತಿರುಗಿದಳು.

“ಮಾವಾರ, ನೀವು ಹೇಳ್ರಿ.”

ಹೆಂಡತಿ ನನ್ನ ರಟ್ಟೆ ಹಿಂಡಿದಳು. ಮಗ ತಲೆ ಅಲ್ಲಾಡಿಸಿದ. ಹೇಳಿದರೆ ಇವಳಿಗೆ ಏನಾಗುತ್ತದೋ, ಹೇಳದಿದ್ದರೆ ಇನ್ನು ಜನ್ಮದಲ್ಲಿ ಇವಳು ಯಾರ ಮಾತನ್ನು ನಂಬುತ್ತಾಳೋ.

“ಹೆಣ್ಣುಕೂಸು. ಭಾಳ ಸಣ್ಣದೈತಿ ನನ್ನವ್ವಾ. ಉಸರಾಡಾಕತ್ತೈತಿ, ನಾ ಕಣ್ಣಲೆ ನೋಡೀನಿ. ಆದ್ರ ಚೀಪವಲ್ದು. ಮೂರ ದಿನಾ ಏನೂ ಹೇಳಾಕ ಬರೂದಿಲ್ಲ ಅಂದಾರ.”

ಅವಳು ಅಳಲಿಲ್ಲ. ನನ್ನನ್ನೇ ನೋಡಿದಳು, ಇನ್ನೂ ಏನಾದರೂ ಉಳಿಸಿಕೊಂಡಿದ್ದೇನೆಯೋ ಎಂದು ಹುಡುಕುವಂತೆ. ಆಮೇಲೆ ಮೊಣಕೈ ಊರಿ ಎದ್ದು ಕೂತಳು. ನಾಲ್ಕು ತಿಂಗಳಿಂದ ಯಾರ ಆಸರೆಯೂ ಇಲ್ಲದೆ ಎದ್ದು ಕೂತದ್ದಿಲ್ಲ ಅವಳು.

“ಉಸರು ಐತಿ ಅಂದ್ರ ಇಲ್ಲಿ ತರ್ರಿ. ನನ್ನ ಕಡೆ ಹಾಲೈತಿ.”

ನರ್ಸಮ್ಮ ಬೈದಳು. ಡಾಕ್ಟರು ಬಂದರು. ಏನೇನೋ ಮಾತಾಯಿತು. ಕಡೆಗೆ ಡಾಕ್ಟರೇ, ಆಗಲಿ, ತಾಯಿಯ ಮೈಯ ಕಾವೂ ಸಿಗಲಿ ಎಂದರು. ಅರಳೆಯ ಗಂಟು ಬಂತು. ನಮ್ಮನ್ನು ಹೊರಗೆ ಕಳಿಸಿದರು. ಹೆಂಡತಿ ಒಳಗೆ ಉಳಿದಳು. ಹಾಲು ಹಿಂಡಿ, ಹತ್ತಿಯ ಬತ್ತಿಯಲ್ಲಿ ಅದ್ದಿ, ಹನಿ ಹನಿಯಾಗಿ ಬಾಯಿಗೆ ಬಿಟ್ಟರಂತೆ. ಹಾಕಿದ್ದೆಲ್ಲ ಕಟವಾಯಿಯಿಂದ ಹೊರಗೆ ಬಂತಂತೆ. ಮರುದಿನವೂ ಅದೇ. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತೇ ಇದ್ದೆ. ಮಗ ಬಂದು ಎದುರಿಗೆ ನಿಂತು, “ಯಾಕ ಹೇಳಿದಿ ಅಪ್ಪಾ?” ಎಂದು ಒಂದೇ ಮಾತು ಕೇಳಿ ಹೋದ.

ಮೂರನೆಯ ಸಂಜೆ ಹೆಂಡತಿ ವಾರ್ಡಿನ ಬಾಗಿಲಿಗೆ ಬಂದಳು. ಸೆರಗು ಹೆಗಲ ಮೇಲಿಲ್ಲ, ಕೂದಲು ಕೆದರಿದೆ. ನಾನು ಎದ್ದು ನಿಂತೆ. ಗೋಡೆ ಹಿಡಿದೆ.

“ಕುಡೀತು! ಹಿಡದು ಎಳದು ಕುಡೀತ್ರಿ! ಬಿಡಸಾಕ ಹೋದ್ರ ಒದರತೈತಿ, ಮುಂಡೇದು, ನಿಮ್ಮ ಹಂಗs!”

ನಾನು ಏನು ಮಾಡಿದೆನೋ ಗೊತ್ತಿಲ್ಲ. ಕುಣಿದೆ ಎಂದು ಹೆಂಡತಿ ಹೇಳುತ್ತಾಳೆ, ನರ್ಸಮ್ಮನ ಕಾಲಿಗೆ ಬಿದ್ದೆ ಎಂದು ಮಗ ಹೇಳುತ್ತಾನೆ. ಎರಡೂ ಮಾಡಿರಬೇಕು. ಮಗ ಗೋಡೆಗೆ ಹಣೆ ಹಚ್ಚಿ ನಿಂತು ಅಳುತ್ತಿದ್ದ. ಅವನ ಬೆನ್ನ ಮೇಲೆ ಒಂದು ಗುದ್ದು ಹಾಕಿದ್ದು ಮಾತ್ರ ನನಗೆ ನೆನಪಿದೆ.

ಮನೆಯಲ್ಲಿ ಒಂದು ದೀಪ ಹಚ್ಚಿ ಬರಲೆಂದು ನನ್ನನ್ನು ಕಳಿಸಿದರು. ಕುರ್ಲಾದಲ್ಲಿ ಲೋಕಲ್ ಹತ್ತಿದೆ. ಎದುರಿಗೆ ಒಬ್ಬ ಗೃಹಸ್ಥ, ಒದ್ದೆ ಛತ್ರಿ ಕಾಲ ನಡುವೆ ಇಟ್ಟುಕೊಂಡು ಕೂತಿದ್ದ. ಅವನಿಗೆ ಕನ್ನಡ ಬರುತ್ತದೋ ಇಲ್ಲವೋ ಕೇಳಲಿಲ್ಲ. ಹೇಳಿದೆ. ಅರ್ಧ ಮರಾಠಿ, ಅರ್ಧ ಹಿಂದಿ, ಬಾರದಲ್ಲಿ ಕೈ. ಎಷ್ಟು ಸಣ್ಣದು, ಹೇಗೆ ಹಿಡಿದು ಎಳೆಯಿತು, ಬಿಡಿಸಿದರೆ ಹೇಗೆ ಒದರಿತು. ಪಕ್ಕದವನು ಕೇಳಿದ. ಹಿಂದಿನವನು ಬಗ್ಗಿದ. “ಗಂಡೋ ಹೆಣ್ಣೋ?” ಎಂದು ಯಾರೋ ಕೇಳಿದರು. “ಹೆಣ್ಣು!” ಎಂದು ಗಾಡಿಯ ಇಡೀ ಡಬ್ಬಿಗೆ ಕೇಳುವಂತೆ ಹೇಳಿದೆ. ಘಾಟ್ಕೋಪರ ಹೋಯಿತು, ವಿಕ್ರೋಳಿ ಹೋಯಿತು, ಭಾಂಡುಪ ಹೋಯಿತು. ಛತ್ರಿಯ ಗೃಹಸ್ಥ ಎದ್ದು ನನ್ನ ಕೈ ಹಿಡಿದು ಕುಲುಕಿ, ಠಾಣೆ ಬಂತು, ಇಳಿಯುತ್ತೇನೆ ಎಂದ. ಆಗ ನೋಡಿದೆ, ಮುಲುಂಡ ಯಾವಾಗಲೋ ದಾಟಿಹೋಗಿದೆ.

ಇಳಿದು ಆಚೆಯ ಪ್ಲಾಟ್‌ಫಾರ್ಮಿಗೆ ಹೋಗಿ ನಿಂತೆ. ಮಳೆ ಹೊಡೆಯುತ್ತಿತ್ತು. ತಿರುಗಿ ಹೋಗುವ ಗಾಡಿ ಬಂತು, ಹತ್ತಿದೆ. ಒಳಗೆ ಎಲ್ಲ ಬೇರೆ ಮಂದಿ, ಅವರಲ್ಲಿ ಒಬ್ಬನಿಗೂ ಇನ್ನೂ ಗೊತ್ತಿರಲಿಲ್ಲ.